ಟೋಪಿ ಕೆಳಗೆ ಬರುವಷ್ಟರಲ್ಲಿ

ಅವರ ಎರಡೂ ಚಪ್ಪಲಿಗಳು ಸಮನಾಗಿ ಸವೆದಿದ್ದವು. ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸ್ ಕೋಣೆಯ ಹೊರಗೆ, ಮಕ್ಕಳು ಬಿಟ್ಟು ಹೋದ ರಬ್ಬರ್ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಕಂದು ಚರ್ಮದ ಆ ಜೋಡಿಯನ್ನು ನಾನು ಒಂದಲ್ಲ ಹತ್ತು ಸಲ ಬಗ್ಗಿ ನೋಡಿದ್ದೇನೆ. ಎಡಗಾಲು ಎಳೆದು ನಡೆಯುವ ಮನುಷ್ಯನ ಎಡ ಚಪ್ಪಲಿ ತುದಿಯಲ್ಲಿ ಸವೆಯಬೇಕು, ಬಲದ್ದು ಹಿಮ್ಮಡಿಯಲ್ಲಿ. ಘರ್ಷಣೆಯ ಪಾಠವನ್ನು ಎಂಟನೆಯ ತರಗತಿಗೆ ಹೇಳಿಕೊಡುತ್ತಿದ್ದವಳೇ ನಾನು. ಆದರೆ ನಮ್ಮ ಹಿಂದಿ ಮಾಸ್ತರರ ಚಪ್ಪಲಿಗಳು ಅವಳಿ ಮಕ್ಕಳ ಹಾಗೆ ಒಂದೇ ತೆರ ಕಾಣುತ್ತಿದ್ದವು, ಮತ್ತು ಅದು ನನಗೆ ಬಿಲ್ಕುಲ್ ಸರಿಬರುತ್ತಿರಲಿಲ್ಲ.

ಅನುಮಾನ ನನ್ನ ತವರಿನಿಂದ ಬಂದ ಬಳುವಳಿ. ನಮ್ಮವ್ವ ಹಾಲಿನವನ ಎದುರಿಗೇ ಹಾಲಿನ ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ ನೋಡುತ್ತಿದ್ದಳು. ನಮ್ಮಪ್ಪ ಕೀಲಿ ಹಾಕಿದ ಬಾಗಿಲನ್ನು ಮೂರು ಸಲ ಜಗ್ಗಿ, ಓಣಿಯ ತಿರುವಿನಿಂದ ವಾಪಸ್ ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದರು. ನಮ್ಮಜ್ಜಿ "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು" ಅನ್ನುವ ಗಾದೆಯನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದವಳು ವಿಜ್ಞಾನದ ಟೀಚರ್ ಆಗದೆ ಇನ್ನೇನಾಗುತ್ತಾಳೆ? ಮಕ್ಕಳು ಹೊಟ್ಟೆನೋವು ಅಂದರೆ ನಾನು ಮೊದಲು ಕೇಳುತ್ತಿದ್ದದ್ದು, ಯಾವ ಕಡೆ, ಬೆರಳಿಟ್ಟು ತೋರಿಸು ಅಂತ.

ಹಿಂದಿ ಮಾಸ್ತರರು ಹುಮನಾಬಾದಿನವರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ, ನಮ್ಮ ಶಾಲೆಗೆ ಬರುತ್ತಿದ್ದರು. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ತಲೆಯ ಮೇಲೆ ಒಂದು ಚೌಕಡಿ ಬಟ್ಟೆಯ ಟೋಪಿ. ಸಣ್ಣಂದಿನಲ್ಲಿ ಪೋಲಿಯೋ ಆಗಿತ್ತಂತೆ. ನಡೆಯುವಾಗ ಒಂದೊಂದು ಹೆಜ್ಜೆಗೂ ಎಡಗೈಯಿಂದ ಎಡ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದರು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಆ ಅಗುಳಿ ಹಾಕಿ ತೆಗೆದು ಮಾಡುತ್ತಲೇ ಬಸ್‌ಸ್ಟ್ಯಾಂಡಿನಿಂದ ಶಾಲೆಯ ತನಕ ಬರುತ್ತಿದ್ದರು, ಬಾಯಲ್ಲಿ ಯಾವುದಾದರೊಂದು ಹಳೆಯ ಪಿಚ್ಚರಿನ ಹಾಡು. ಕಷ್ಟಪಟ್ಟು ನಡೆಯುವವನಿಗೆ ಹಾಡಲಿಕ್ಕೆ ಉಸಿರು ಎಲ್ಲಿಂದ ಬರುತ್ತದೆ ಎಂಬುದು ನನ್ನ ಎರಡನೆಯ ಅನುಮಾನ.

ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್ ಅವರದು. ಹಿಂದಿ ಕಿವಿಗೆ ಬೀಳಬೇಕು ಅನ್ನುವ ನೆಪದಲ್ಲಿ ಸ್ಮಾರ್ಟ್ ಕ್ಲಾಸಿನ ದೊಡ್ಡ ಟೀವಿಗೆ ಪೆನ್ ಡ್ರೈವ್ ಚುಚ್ಚಿ, ಮಕ್ಕಳಿಗೆ ಕಪ್ಪು-ಬಿಳುಪಿನ ಕಾಲದ ಪಿಚ್ಚರುಗಳ ನಗೆಯ ತುಣುಕು, ಹಾಡಿನ ತುಣುಕು ತೋರಿಸುತ್ತಿದ್ದರು. ನನ್ನ ಪ್ರಯೋಗಶಾಲೆ ಅದರ ಎದುರಿಗೇ ಇತ್ತು. ನನ್ನ ಕಿಟಕಿಗೆ ಅವರ ಕಿಟಕಿ ಎದುರುಬದುರು, ನಡುವೆ ನಾಲ್ಕು ಮಾರು ಅಂಗಳ. ನಾನು ಗಾಜಿನ ನಳಿಕೆಗಳನ್ನು ತೊಳೆಯುತ್ತ ನಿಂತರೆ ಆ ಕೋಣೆಯಿಂದ ಅರವತ್ತು ಮಕ್ಕಳ ನಗೆ ಒಮ್ಮೆಲೇ ಬಂದು ಅಪ್ಪಳಿಸುತ್ತಿತ್ತು. ಅಷ್ಟು ನಗೆ ಶಾಲೆಯಲ್ಲಿ ಕೇಳಿದರೆ ಯಾವ ಶಿಕ್ಷಕರಿಗೂ ಸಂಶಯ ಬರುವುದು ಸಹಜ.

ಒಂದು ದಿನ ಸ್ಟಾಫ್ ರೂಮಿನಲ್ಲಿ ನೇರವಾಗಿಯೇ ಕೇಳಿದೆ. "ಸರ್, ಈಗಿನ ಹುಡುಗ್ರು ಮೊಬೈಲ್‌ದಾಗ ಏನೇನೋ ನೋಡ್ತಾವ. ನಿಮ್ಮ ಈ ಅಜ್ಜನ ಕಾಲದ ಪಿಚ್ಚರಿಗೆ ಖರೇನ ನಗ್ತಾವೋ, ನಿಮ್ಮ ಮುಲಾಜಿಗೆ ನಗ್ತಾವೋ?"

ಅವರು ಡಬ್ಬಿಯಲ್ಲಿನ ಜೋಳದ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮುಲಾಜಿನ ನಗಿ ಹಲ್ಲಿನಾಗ ಇರ್ತದ ಬಾಯಾರ. ಇವರದು ಹೊಟ್ಯಾಗಿಂದ ಬರಾಕತ್ತದ. ನಿಮಗ ಶಕ್ ಇದ್ರ ಬಂದು ಪರೀಕ್ಷಾ ಮಾಡ್ರಿ."

ಟೀಚರಮ್ಮನನ್ನು ನಮ್ಮ ಕಡೆ ಬಾಯಾರ ಅಂತ ಕರೆಯುತ್ತಾರೆ. ಬಿಡುತ್ತೇನೆಯೇ? ಮುಂದಿನ ಶನಿವಾರ ಬಾಗಿಲಲ್ಲಿ ನಿಂತೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು, ಯಾವುದಕ್ಕೂ ನಗದವಳು, ಸದಾ ಹುಬ್ಬು ಗಂಟು ಹಾಕಿಕೊಂಡಿರುವವಳು. ಅವಳನ್ನೇ ನನ್ನ ಪ್ರಯೋಗದ ವಸ್ತು ಮಾಡಿಕೊಂಡೆ. ಪರದೆಯ ಮೇಲೆ ಒಬ್ಬ ಬಡಕಲು ಮನುಷ್ಯ ಮದುವೆ ಚಪ್ಪರದೊಳಗೆ ಉದ್ದನೆಯ ನಿಚ್ಚಣಿಕೆ ಹೊತ್ತು ಬಂದ. ಯಾರೋ ಕರೆದರು, ತಿರುಗಿದ, ನಿಚ್ಚಣಿಕೆ ಅಡುಗೆಯವನಿಗೆ ಬಡಿಯಿತು. ಅಡುಗೆಯವನು ಬೈದ, ಇವನು ಕ್ಷಮೆ ಕೇಳಲು ತಿರುಗಿದ, ಬೀಗರು ಬಿದ್ದರು. ಕೊನೆಗೆ ಎಲ್ಲರೂ ನೆಲ ಹಿಡಿದು, ಇವನೊಬ್ಬನೇ ನಿಂತು, ಪರವಾಗಿಲ್ಲ ಅನ್ನುವಂತೆ ನಕ್ಕು ಒಂದು ಹೆಜ್ಜೆ ಇಟ್ಟದ್ದೇ ತಾನೂ ಬಿದ್ದ. ಬಿದ್ದಲ್ಲಿಂದಲೇ ಹಾಡು ಶುರುವಾಯಿತು. ಆ ಹುಡುಗಿ ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡು ನೀರಿಗೆ ಓಡಿದಳು. ನಾನು ಮಾತ್ರ ನಗಲಿಲ್ಲ. ಅವನನ್ನು ಜಗ್ಗಿದ ತಂತಿ ಎಲ್ಲಿದೆ ಅಂತ ಹುಡುಕುತ್ತಿದ್ದೆ.

"ತಂತಿ ಇಲ್ರಿ," ಎಂದರು ಮಾಸ್ತರರು, ನನ್ನ ಕಡೆ ತಿರುಗದೆಯೇ. "ತಲಿಯಿಂದ ಕಾಲತನ ಪೂರಾ ತೋರಸ್ಯಾರ, ನೋಡ್ರಿ. ಎಲ್ಲೂ ಕತ್ತರಿ ಹಾಕಿಲ್ಲ. ಈಗಿನ ಪಿಚ್ಚರದಾಗ ಬರೇ ಮಾರಿ, ಕಣ್ಣು ಮೂಗು, ತೋರಸ್ತಾರ. ಮಾರಿ ಬೀಳೂದಿಲ್ಲ ಬಾಯಾರ, ಮನಷ್ಯಾ ಬೀಳ್ತಾನ. ಅರ್ಧಾ ತೋರಿಸಿದ್ರ ಅದು ಸುಳ್ಳಾಗ್ತದ."

"ಹಾಡು? ಹಾಡೋರು ಒಬ್ರು, ತುಟಿ ಅಲ್ಲಾಡ್ಸೋರು ಒಬ್ರು. ಅದು ಮೋಸ ಅಲ್ಲೇನ್ರಿ?"

ಅವರು ಟೀವಿಯ ದನಿ ತಗ್ಗಿಸಿದರು. "ಹಾಡಿದವ್ರ ಕಾಲು ನಮಗ ಕಾಣೂದಿಲ್ಲ, ಕುಣದವ್ರ ದನಿ ಕೇಳೂದಿಲ್ಲ. ಇಬ್ರೂ ಕೂಡಿ ಒಬ್ಬ ಪೂರಾ ಮನಷ್ಯಾ ಆಗ್ತಾನ. ಇದಕ್ಕ ಮೋಸ ಅಂದ್ರ ಸಂಸಾರಕ್ಕ ಏನಂತೀರಿ?"

ಉತ್ತರ ಚೆನ್ನಾಗಿತ್ತು. ಚೆನ್ನಾಗಿ ಉತ್ತರ ಕೊಡುವವರ ಮೇಲೆ ನನಗೆ ಅನುಮಾನ ಇನ್ನೂ ಹೆಚ್ಚು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆ ವರ್ಷ ನಮ್ಮ ಶಾಲೆಯಲ್ಲಿ ಶಿಕ್ಷಕರು ಹೆಚ್ಚಾಗಿದ್ದಾರೆ, ಒಬ್ಬರು ಬೇರೆ ಊರಿಗೆ ಹೋಗಬೇಕು ಎಂಬ ಸುದ್ದಿ ಬಂತು. ಲೆಕ್ಕದ ಪ್ರಕಾರ ಕೊನೆಗೆ ಬಂದವರು ಹಿಂದಿ ಮಾಸ್ತರರು. ಆದರೆ ಅಂಗವೈಕಲ್ಯದ ಪ್ರಮಾಣಪತ್ರ ಇದ್ದುದರಿಂದ ಅವರನ್ನು ಅಲ್ಲಾಡಿಸುವ ಹಾಗಿರಲಿಲ್ಲ. ಅವರ ನಂತರದ ಹೆಸರು ನನ್ನದು. ಮನೆಯಲ್ಲಿ ಯಜಮಾನರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಬೇಕು, ಅದನ್ನು ಮಾಡುವವಳು ನಾನೇ. ಶಾಲೆಯಿಂದ ಮನೆ ಐದು ನಿಮಿಷದ ದಾರಿ. ಆ ಐದು ನಿಮಿಷವನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಚಪ್ಪಲಿಗಳು ಸಮನಾಗಿ ಸವೆದಿವೆ ಎಂಬ ಮಾತು ಅಲ್ಲಿಯ ತನಕ ಚೇಷ್ಟೆಯ ಅನುಮಾನವಾಗಿತ್ತು. ಅವತ್ತಿನಿಂದ ಅದು ಹೊಟ್ಟೆಯೊಳಗಿನ ಕೆಂಡವಾಯಿತು.

ಒಂದು ಶನಿವಾರ ಟೀವಿಗೆ ಕರೆಂಟು ಇರಲಿಲ್ಲ. ಮಕ್ಕಳು ನಿರಾಸೆಯಿಂದ ಗಲಾಟೆ ಮಾಡುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದಂತೆ ಮಾಸ್ತರರು ಮೂಲೆಯಲ್ಲಿದ್ದ ಒಂದು ಹಲಗೆಯನ್ನು ಹೆಗಲ ಮೇಲೆ ಇಟ್ಟುಕೊಂಡರು. ನಿಚ್ಚಣಿಕೆಯವನ ಆಟ ಶುರುವಾಯಿತು. ಯಾರೋ ಕರೆದಂತೆ ತಿರುಗಿದರು, ಮುಂದಿನ ಬೆಂಚಿನ ಮಕ್ಕಳು ಕಿರುಚಿ ತಲೆ ತಗ್ಗಿಸಿದರು. ಇನ್ನೊಂದು ಕಡೆ ತಿರುಗಿದರು. ಆಮೇಲೆ, ಯಾವ ಸೂಚನೆಯೂ ಇಲ್ಲದೆ, ಬೇರು ಕಿತ್ತಂತೆ ಹಿಂದಕ್ಕೆ ಬಿದ್ದರು. ಬೀಳುತ್ತಲೇ ಟೋಪಿ ಮಾಡಿನ ತನಕ ಹಾರಿತು. ಟೋಪಿ ಕೆಳಗೆ ಬರುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ಟೋಪಿ ಬಂದು ಅವರ ಕೈಯಲ್ಲಿ ಕೂತಿತು, ಅವರು ಹಾಡು ಎತ್ತಿಕೊಂಡರು.

ನಾನು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದೆ. ಸುಳ್ಳು ಹೇಳಿ ಈಗ ಏನು ಉಪಯೋಗ? ಅವರು ಹಲಗೆ ಎತ್ತಿದ ಕೂಡಲೇ ನನ್ನ ಕೈ ತಾನಾಗಿಯೇ ಮೊಬೈಲಿಗೆ ಹೋಗಿತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎದ್ದು ನಿಂತ ಮನುಷ್ಯ ಕುಂಟನೇ? ಬೇರೆ ಶಾಲೆಯಲ್ಲಿದ್ದ ನನ್ನ ಒಬ್ಬ ಗೆಳತಿಗೆ ಅದನ್ನು ಕಳಿಸಿದೆ. ಕೆಳಗೆ ಒಂದೇ ಸಾಲು ಬರೆದೆ: "ಕಾಲು ಇಲ್ಲದವರು ಹ್ಯಾಂಗ ಜಿಗಿತಾರ, ನೋಡು."

ಹದಿನೈದು ದಿನಕ್ಕೆ ಹೆಸರಿಲ್ಲದ ಒಂದು ಅರ್ಜಿ ಮೇಲಿನವರಿಗೆ ಹೋಯಿತು, ಅದರ ಜೊತೆಗೆ ಆ ವೀಡಿಯೋ. ಹಿಂದಿ ಮಾಸ್ತರರು ಬೀದರಿಗೆ ಹೋಗಿ ವೈದ್ಯರ ಮಂಡಳಿಯ ಮುಂದೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು ಎಂದು ಕಾಗದ ಬಂತು. ಪ್ರಮಾಣಪತ್ರ ಸುಳ್ಳೆಂದು ಸಾಬೀತಾದರೆ ವರ್ಗಾವಣೆಯಷ್ಟೇ ಅಲ್ಲ, ನೌಕರಿಯೇ ಹೋಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡಿದರು. ನಾನಂತೂ ಒಂದು ವಾರ ಒಬ್ಬೊಬ್ಬರ ಮೇಲೂ ಸಂಶಯಪಟ್ಟೆ: ಗಣಿತದವರೋ, ಡ್ರಿಲ್ ಮಾಸ್ತರೋ, ಗುಮಾಸ್ತರೋ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇತರರ ಹೆಗಲುಗಳನ್ನು ಮುಟ್ಟಿ ನೋಡುತ್ತಿದ್ದೆ. ಗೆಳತಿಗೆ ಫೋನ್ ಮಾಡಿದರೆ "ನಾ ಬರೇ ಇಬ್ಬರಿಗೆ ಕಳ್ಸೀನಿ ಮಾರಾಯ್ತಿ" ಅಂದಳು.

ಹೆಡ್ ಮಾಸ್ತರರು ನನ್ನನ್ನು ಕರೆದು, "ಬಾಯಾರ, ಅವತ್ತ ನಿಮ್ಮ ಪೀರಿಯಡ್ ಕಮ್ಮಿ ಅವ. ಶಾಲಿ ಕಡಿಂದ ಕಾಗದ ತಗೊಂಡು ಅವರ ಜೋಡಿ ಬೀದರಿಗೆ ಹೋಗ್ಬರ್ರಿ" ಎಂದರು. ಒಲ್ಲೆ ಅನ್ನಬೇಕಾಗಿತ್ತು. ಅನ್ನಲಿಲ್ಲ. ನನ್ನ ಕಣ್ಣಿನಿಂದಲೇ ನೋಡಬೇಕೆಂಬ ಹಟ ಇನ್ನೂ ಇಳಿದಿರಲಿಲ್ಲ.

ಬಸವಕಲ್ಯಾಣದಿಂದ ಹೊರಟು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು, ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಬೀದರ್ ಬಸ್ಸು ಬಂತು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯೊಳಗೆ ಟವೆಲು, ಕೈವಸ್ತ್ರ ಒಗೆದು ಸೀಟು ಹಿಡಿಯುತ್ತಾರೆ. ಬಾಗಿಲಲ್ಲಿ ಯುದ್ಧ ನಡೆಯುತ್ತದೆ. ಮಾಸ್ತರರು ಮೆಟ್ಟಿಲಿಗೆ ಬಲಗಾಲು ಇಟ್ಟಿದ್ದರು. ಯಾರದೋ ಚೀಲ ಬಡಿಯಿತು. ಅವರು ಹಿಂದಕ್ಕೆ ಬಿದ್ದರು.

ಅದೇ ಬೀಳು. ಗದ್ದ ಎದೆಗೆ ಒತ್ತಿ, ಬಲಗೈ ಹಿಂದಕ್ಕೆ ಚಾಚಿ, ಭುಜ ತಿರುಗಿಸಿ. ನಾನು ಮೊಬೈಲಿನಲ್ಲಿ ಹತ್ತಾರು ಸಲ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಬೀಳು. ದೇವರಾಣೆ ಹೇಳುತ್ತೇನೆ, ನನ್ನ ತಲೆಗೆ ಬಂದ ಮೊದಲ ವಿಚಾರ, ಇವರು ನನ್ನನ್ನು ನಂಬಿಸಲಿಕ್ಕೇ ಬಿದ್ದಿದ್ದಾರೆ ಎಂಬುದು. ಆದರೆ ಈ ಸಲ ಟೋಪಿ ಹಾರಲಿಲ್ಲ. ಅದು ಉರುಳಿಕೊಂಡು ಬಸ್ಸಿನ ಕೆಳಗೆ ಹೋಯಿತು. ಅವರು ಎಲ್ಲರ ಎದುರಿಗೆ, ಹಗಲು ಬೆಳಕಿನಲ್ಲಿ ಏಳಬೇಕಾಯಿತು. ಮೊದಲು ಮಗ್ಗುಲಾದರು. ಎಡಗಾಲನ್ನು ಎರಡೂ ಕೈಯಿಂದ ಹಿಡಿದು, ಬೇರೆ ಯಾರದೋ ಸಾಮಾನು ಎತ್ತಿದ ಹಾಗೆ, ಎತ್ತಿ ಪಕ್ಕಕ್ಕೆ ಇಟ್ಟರು. ಬಲ ಮೊಣಕಾಲು ಊರಿದರು. ಬಸ್ಸಿನ ಬಾಗಿಲಿನ ಸರಳು ಹಿಡಿದರು. ಒಮ್ಮೆ ಜಾರಿತು. ಮತ್ತೆ ಹಿಡಿದರು. ನಟನೆ ಮಾಡುವ ಯಾವ ಮನುಷ್ಯನೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಒಂದಿಬ್ಬರು ನಕ್ಕರು. ನಾನು ಕಾಗದದ ಫೈಲು ಎದೆಗವುಚಿ ನಿಂತಿದ್ದೆ. ಕೈ ಕೊಡಲು ಬಗ್ಗಿದರೆ ಅವರು ತಲೆಯಾಡಿಸಿದರು. "ಮೊದಲ ಟೋಪಿ ತಗೀರಿ," ಎಂದರು, ಮತ್ತು ಏಳುತ್ತ ಏಳುತ್ತ ಹಾಡಿನ ಒಂದು ಎಳೆಯನ್ನು ಗುನುಗತೊಡಗಿದರು. ನಾನು ಸೀರೆಯ ಸೆರಗು ಸಿಕ್ಕಿಸಿ, ಬಸ್ಸಿನ ಗಾಲಿಯ ಹತ್ತಿರ ಬಗ್ಗಿ ಟೋಪಿ ತೆಗೆದೆ.

ಬಸ್ಸು ಹೊರಟ ಮೇಲೆ ನಾನು ಕೇಳದಿದ್ದರೂ ಅವರೇ ಹೇಳಿದರು. "ಬೀಳೂದು ನನಗ ದಿನದ ಕೆಲಸ ಅದ ಬಾಯಾರ. ಸಾಲಿಗೆ ಹೋಗುವಾಗ ಬಿದ್ರ ಹುಡುಗ್ರು ನಗ್ತಿದ್ರು, ನಾ ಅಳ್ತಿದ್ದೆ. ಒಂದ ದಿನ ಕಾಕಾ ಇಲ್ಲೇ ಹುಮನಾಬಾದಿನ ಟಾಕೀಜಿಗೆ ಕರಕೊಂಡು ಬಂದಾ. ಪಡದಿ ಮ್ಯಾಲ ಒಬ್ಬಾ ಬಿದ್ದಾ. ಮಂದಿ ನಕ್ರು. ಹಾಂಗ ನಕ್ಕಿದ್ದಕ್ಕ ಅವನ ಮ್ಯಾಲ ಅವರಿಗೆ ಪ್ರೀತಿ ಹುಟ್ಟಿತ್ತು. ಅದ್ಯಾಕ ಅಂತ ನೋಡಿದೆ. ನಾ ಬಿದ್ರ ಮೊದಲು ಯಾರು ನಕ್ರು ಅಂತ ನೋಡ್ತಿದ್ದೆ. ಅವ ಬಿದ್ರ ಮೊದಲು ಟೋಪಿ ನೋಡ್ಕೊಂಡ. ಇಷ್ಟ ಫರಕ."

"ಮತ್ತ ಹಾಡು?"

"ಹಾಡಿದ್ರ ಏನೂ ಮುರದಿಲ್ಲ ಅಂತ ಮಂದಿಗಿ ತಿಳೀತದ. ಯಾರೂ ಅಯ್ಯೋ ಅನ್ನೂದಿಲ್ಲ. ಅಯ್ಯೋ ಅನಸ್ಕೊಂಡು ಏಳೂದು ಭಾಳ ಕಷ್ಟ."

ಹಳ್ಳಿಖೇಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾರಿ ಕಟ್ಟಿತ್ತು. ಬಸ್ಸು ನಿಂತಿತು. ನಾನು ನನ್ನ ಉಗುರುಗಳನ್ನು ನೋಡಿಕೊಳ್ಳುತ್ತ, ಬೇರೆ ಏನೂ ತೋಚದೆ, "ನಿಮ್ಮ ಚಪ್ಪಲಿ ಎರಡೂ ಒಂದೇ ಸಮ ಸವದಾವಲ್ರಿ" ಅಂದೆ. ಅವರು ಮೊದಲ ಸಲ ಸ್ವಲ್ಪ ನಾಚಿದರು. "ಎಡದ್ದು ತಿಂಗಳಿಗೊಮ್ಮಿ ತುದಿ ಹರೀತದ. ಬಸ್‌ಸ್ಟ್ಯಾಂಡಿನ ಚಮ್ಮಾರ ಹಳೀ ಚರ್ಮ ಹಚ್ಚಿ ಬಲದ್ದಕ್ಕ ಸರಿ ಮಾಡಿ ಕೊಡ್ತಾನ. ಹೊರಗ ಬಿಟ್ಟಾಗರ ಇಬ್ಬರೂ ಒಂದೇ ತೆರ ಕಾಣಲಿ ಅಂತ." ಹತ್ತು ಸಲ ಬಗ್ಗಿ ನೋಡಿದ್ದೆ. ಹನ್ನೊಂದನೆಯ ಸಲ ಕೈಗೆತ್ತಿಕೊಂಡು ತಿರುವಿ ನೋಡಿದ್ದರೆ ಹೊಲಿಗೆ ಕಾಣುತ್ತಿತ್ತು.

ಬೀದರಿನಲ್ಲಿ ಅವರನ್ನು ಒಳಗೆ ಕರೆದರು. ನಾನು ಬಾಗಿಲ ಬಳಿ ಕುರ್ಚಿಯಲ್ಲಿ ಕೂತೆ. ಪರದೆ ಪೂರ್ತಿ ಮುಚ್ಚಿರಲಿಲ್ಲ. ಪ್ಯಾಂಟು ಮೇಲೇರಿಸಿದಾಗ ಎಡಗಾಲು ಕಂಡಿತು. ಮೊಣಕಾಲ ಕೆಳಗೆ ಅದು ನನ್ನ ಮುಂಗೈಯಷ್ಟೇ ದಪ್ಪ ಇತ್ತು. ನಾನು ಮುಖ ತಿರುಗಿಸಿಕೊಂಡೆ. ಹಿರಿಯ ಡಾಕ್ಟರು ಅಳೆದು, ಬರೆದುಕೊಂಡು, "ಕಾಲಿಂದೇನೂ ಸಂಶಯ ಇಲ್ಲ. ಆದ್ರ ಇದನ್ನ ಕೇಳಬೇಕಾಗ್ತದ," ಎಂದು ಮೊಬೈಲು ಹಿಡಿದರು. ಆ ಹಾಡು, ಆ ಮಕ್ಕಳ ನಗೆ ನನಗೆ ಹೊರಗೆ ಕೇಳಿಸಿತು. "ಇದು ನೀವೇನು?"

ಹಾಡು ಮುಗಿಯಿತು. ಆಮೇಲೆ ಮಾಸ್ತರರ ದನಿ. "ಸಾಹೇಬ್ರ, ಇನ್ನೊಮ್ಮಿ ಹಚ್ತೀರೇನು? ನನ್ನ ಪಿಚ್ಚರ್ ನಾನೇ ನೋಡಿದ್ದಿಲ್ಲ."

ಇನ್ನೊಮ್ಮೆ ಹಚ್ಚಿದರು. "ಕೈ ಜರಾ ಲೇಟ್ ಆಗ್ಯದ," ಎಂದರು ಮಾಸ್ತರರು. "ಸಾಹೇಬ್ರ, ಇದರಾಗ ನನ್ನ ಕಾಲು ಎಲ್ಲಿ ಅವ ತೋರಸ್ರಿ?"

ಕಾಲು ಇರಲಿಲ್ಲ. ನನ್ನ ಕಿಟಕಿಯಿಂದ ಸೊಂಟದ ಮೇಲಷ್ಟೇ ಕಾಣುತ್ತಿತ್ತು. ಕೆಳಗೆಲ್ಲ ಬೆಂಚುಗಳ ಮರೆ. ಡಾಕ್ಟರು ನಕ್ಕದ್ದು ಕೇಳಿಸಿತು. ವೀಡಿಯೋದ ಎಡ ಅಂಚಿನಲ್ಲಿ ಇನ್ನೊಂದು ವಸ್ತು ಮಾತ್ರ ಸ್ಪಷ್ಟವಾಗಿತ್ತು. ನನ್ನ ಕಿಟಕಿಯ ಬಾಗಿದ ಸರಳು. ಇಡೀ ಶಾಲೆಯಲ್ಲಿ ಬಾಗಿದ ಸರಳು ಇದ್ದ ಕಿಟಕಿ ಅದೊಂದೇ.

ವಾಪಸ್ ಬರುವಾಗ ಅವರು ಕಿಟಕಿಯ ಪಕ್ಕ ಕೂತು ಹಾಡು ಗುನುಗುತ್ತಿದ್ದರು. ಸರಳು ನೋಡಿದರೋ ಇಲ್ಲವೋ? ನೋಡಿದ್ದರೆ ಯಾಕೆ ಕೇಳುತ್ತಿಲ್ಲ? ಕೇಳದಿರುವುದೇ ಒಂದು ಶಿಕ್ಷೆಯೋ? ಐವತ್ತು ಕಿಲೋಮೀಟರು ನಾನು ಅವರ ಮುಖವನ್ನು ಓದಲು ನೋಡಿದೆ. ಅದು ನನಗೆ ಬಾರದ ಲಿಪಿ. ನಾನು ಏನಾದರೂ ಹೇಳಬೇಕಾಗಿತ್ತು. ಹೇಳಲಿಲ್ಲ. ಹುಮನಾಬಾದಿನಲ್ಲಿ ಇಳಿಯುವಾಗ ಅವರು "ಬರ್ತೇನ್ರಿ, ತ್ರಾಸು ತಗೊಂಡ್ರಿ ಪಾಪ" ಎಂದರು. ಆ "ಪಾಪ" ಯಾವ ಅರ್ಥದ್ದು ಅಂತ ಇವತ್ತಿಗೂ ನನಗೆ ಖಾತ್ರಿ ಇಲ್ಲ.

ಮುಂದಿನ ಶನಿವಾರ ನಾನು ಪ್ರಯೋಗಶಾಲೆಯ ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಮಾಸ್ತರರು ಮೊಣಕಾಲು ಹಿಡಿದು ನಿಂತಿದ್ದರು. "ಬಾಯಾರ, ಕಿಡಕಿಯಿಂದ ಅರ್ಧಾನೇ ಕಾಣ್ತದ. ಒಳಗ ಕುರ್ಚಿ ಹಾಕ್ಸೀನಿ, ಬಂದು ಕೂಡ್ರಿ."

ಅಷ್ಟೇ. ಆ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ, ಅವತ್ತೂ, ಆಮೇಲೂ.

ಹೋಗಿ ಕೂತೆ. ಮಕ್ಕಳು ಹಲಗೆಯ ಆಟ ಬೇಕೆಂದು ಹಟ ಹಿಡಿದರು. ಈ ಸಲ ನನಗೆ ಪೂರ್ತಿ ಕಂಡಿತು. ಬಿದ್ದ ಕೂಡಲೇ ಟೋಪಿ ಮೇಲಕ್ಕೆ ಹಾರಿತು, ಅರವತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ನಾನೊಬ್ಬಳು ಮಾತ್ರ ಕೆಳಗೆ ನೋಡಿದೆ. ಬಲಗೈ ಬೆಂಚಿನ ಕಾಲನ್ನು ಹಿಡಿದಿತ್ತು, ಎಡಗೈ ಎಡಗಾಲನ್ನು ಎತ್ತಿ ಕೂಡಿಸುತ್ತಿತ್ತು, ಹಲ್ಲು ಕಚ್ಚಿ ಇಡೀ ದೇಹವನ್ನು ಒಂದೇ ಜಗ್ಗಿಗೆ ಮೇಲೆಳೆದರು. ಹಣೆಯ ನರ ಉಬ್ಬಿತ್ತು. ಟೋಪಿ ಕೆಳಗಿಳಿದು ಅರವತ್ತು ತಲೆಗಳು ಅದರ ಜೊತೆ ಇಳಿಯುವಷ್ಟರಲ್ಲಿ ಅವರು ನಗುತ್ತ ನಿಂತಿದ್ದರು. ನೋಡಬಾರದ್ದನ್ನು ನೋಡಿದ ಹಾಗೆ ನನಗೆ ಅಳು ಬಂತು. ಹೀಗಾಗಿ ಮುಂದಿನ ಸಲದಿಂದ ನಾನೂ ಟೋಪಿಯನ್ನೇ ನೋಡಿದೆ, ಎಲ್ಲರ ಹಾಗೆ ನಕ್ಕೆ. ನಮ್ಮವ್ವ ಅಪ್ಪ ಅಜ್ಜಿ ಮೂವರೂ ಕಲಿಸದ ವಿದ್ಯೆ ಅದು. ಆ ಹಳೆಯ ಪಿಚ್ಚರುಗಳಲ್ಲಿ ನನಗೆ ತಂತಿ ಯಾಕೆ ಸಿಗಲಿಲ್ಲ ಅನ್ನುವುದೂ ಆಗ ತಿಳಿಯಿತು. ಬಿದ್ದವನಿಗೆ ನಿಜವಾಗಿ ನೋವಾಗಿತ್ತು. ನಮಗೆ ಕಾಣದಿರಲಿ ಅಂತ ಹಾಡು ಹಾಕಿದ್ದರು.

ಜೂನಿನಲ್ಲಿ ನನಗೆ ವರ್ಗವಾಯಿತು, ಹಳ್ಳಿಖೇಡಕ್ಕೆ. ಯಜಮಾನರು ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಎರಡು ದಿನದಲ್ಲಿ ಕಲಿತರು. ಯಾವುದಕ್ಕೆ ನಾನು ಇಷ್ಟೆಲ್ಲ ಮಾಡಿದ್ದೆನೋ ಅದು ಎರಡು ದಿನದ ಕೆಲಸವಾಗಿತ್ತು. ಬೆಳಿಗ್ಗೆ ಬಸವಕಲ್ಯಾಣದ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ಅಲ್ಲಿ ಬೀದರ್ ಬಸ್ಸು ಹಿಡಿಯಬೇಕು. ನಾನು ಇಳಿಯುವ ಬಸ್ಸೇ ತಿರುಗಿ ಬಸವಕಲ್ಯಾಣಕ್ಕೆ ಹೋಗುತ್ತಿತ್ತು, ಮಾಸ್ತರರು ಅದಕ್ಕೇ ಹತ್ತುತ್ತಿದ್ದರು. ನಾನು ಕೂಡಲೇ ಇಳಿಯುತ್ತಿರಲಿಲ್ಲ. ಬಾಗಿಲ ಹತ್ತಿರದ ಸೀಟಿನಲ್ಲೇ ಗಟ್ಟಿಯಾಗಿ ಕೂತು, ಕೈವಸ್ತ್ರ ಒಗೆಯುವವರನ್ನೆಲ್ಲ ಗದರಿಸಿ, ಜನರ ಯುದ್ಧ ಮುಗಿದು ಮಾಸ್ತರರು ನಿಧಾನವಾಗಿ ಹತ್ತಿ ಬರುವ ತನಕ ಸೀಟು ಕಾಯುತ್ತಿದ್ದೆ. ಅವರು ಬಂದರೆ ನಾನು ಎದ್ದೆ. "ಕೂಡ್ರಿ ಸರ್." "ನಿಮ್ಮ ಸೀಟು ಬೆಚ್ಚಗ ಅದ ಬಾಯಾರ." ದಿನಾ ಇದೇ ಮಾತು. ಐದು ವರ್ಷ.

ಕಂಡಕ್ಟರರಿಗೆಲ್ಲ ನಮ್ಮ ಪದ್ಧತಿ ಗೊತ್ತಾಗಿತ್ತು. ನನ್ನ ಮಟ್ಟಿಗೆ ಅದು ಕ್ಷಮೆ ಕೇಳುವ ರೀತಿ. ಬಾಯಿಂದ ಆಗದ್ದನ್ನು ಕೂತು ಮಾಡುತ್ತಿದ್ದೆ.

ಕಳೆದ ವರ್ಷ ಒಂದು ಸೋಮವಾರ ಅವರು ಹತ್ತಲಿಲ್ಲ. ಬಸ್ಸು ಹೊರಡುವ ತನಕ ಸೀಟು ಹಿಡಿದು ಕೂತೆ. "ಬಾಯಾರ, ನೀವೂ ವಾಪಸ್ ಬರ್ತೀರೇನು?" ಎಂದು ಕಂಡಕ್ಟರು ಕೇಳಿದ ಮೇಲೆ ಇಳಿದೆ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ನನ್ನ ಹಳೆಯ ರೋಗ ಮರುಕಳಿಸಿತು. ಬೇಕಂತಲೇ ಬೇರೆ ಬಸ್ಸಿಗೆ ಹೋಗುತ್ತಿದ್ದಾರೆಯೇ? ಕೊನೆಗೂ ಸಿಟ್ಟು ಹೊರಗೆ ಬಂತೇ? ಮೂರು ದಿನ ಅನುಮಾನಪಟ್ಟೆ, ಒಂದು ಫೋನ್ ಮಾಡಲಿಲ್ಲ. ಗುರುವಾರ ಅದೇ ಕಂಡಕ್ಟರು ಹೇಳಿದರು, ರವಿವಾರ ನಸುಕಿನಲ್ಲಿ ಎದೆನೋವು ಬಂದು ಹೋಗಿಬಿಟ್ಟರು ಎಂದು. ಮಣ್ಣಿಗೂ ನಾನು ಇರಲಿಲ್ಲ. ಆ ಮೂರು ದಿನಗಳನ್ನು ನಾನು ನನಗೆ ಯಾವತ್ತೂ ಮಾಫಿ ಮಾಡಲಾರೆ.

ತಿಂಗಳ ಮೇಲೆ ಅವರ ಮಗಳು ಬಸವಕಲ್ಯಾಣದ ನಮ್ಮ ಮನೆಗೆ ಬಂದಳು. ಅಪ್ಪನ ಹಾಗೆಯೇ ಗಿಡ್ಡ, ಅಗಲ ಹಣೆ. ಶಾಲೆಯಲ್ಲಿ ಮಾಸ್ತರರ ನೆನಪಿಗೆ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದಾರಂತೆ.

"ಅಕ್ಕಾರ, ಅಪ್ಪಾರು ಬಿದ್ದು ಏಳೋ ಆಟದ್ದು ಒಂದು ವೀಡಿಯೋ ಬೇಕಾಗಿತ್ರಿ. ಯಾರ ಕಡೀನೂ ಇಲ್ಲ. ಫೋಟೋ ಅವ, ಎಲ್ಲಾದ್ರಾಗೂ ಸುಮ್ಮ ನಿಂತಾರ. ನಿಮ್ಮ ಕಡಿ ಏನರೇ ಅದ ಏನ್ರಿ?"

ಅರ್ಜಿಯ ಗಲಾಟೆಯ ನಂತರ ಎಲ್ಲರೂ ಅದನ್ನು ಅಳಿಸಿಹಾಕಿದ್ದರು. ನಾನು ಅಳಿಸಿರಲಿಲ್ಲ. ಎರಡು ಮೊಬೈಲು ಬದಲಾಯಿಸಿದರೂ ಅದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬಂದಿದ್ದೆ. ಆದರೆ ಅದನ್ನು ಕೊಡುವುದೆಂದರೆ, ನಿಮ್ಮಪ್ಪನನ್ನು ಬೀದರಿಗೆ ಎಳೆಸಿದವಳು ನಾನೇ ಎಂದು ಒಪ್ಪಿಕೊಂಡಂತೆ.

"ಇಲ್ಲವ್ವ," ಅಂದೆ. "ನನ್ನ ಕಡಿ ಏನ ಇರ್ತದ?"

ಅವಳು ಏಳುತ್ತಾಳೆ ಅಂದುಕೊಂಡೆ. ಏಳಲಿಲ್ಲ. "ಚಹಾ ಮಾಡ್ತೀರೇನ್ರಿ?" ಅಂದಳು. ಮೊದಲ ಸಲ ಮನೆಗೆ ಬಂದವಳು ತಾನಾಗಿ ಚಹಾ ಕೇಳುತ್ತಾಳೆಂದರೆ ಇದರಲ್ಲಿ ಏನೋ ಇದೆ ಅನ್ನಿಸಿತು. ಚಹಾ ಮಾಡಿಕೊಟ್ಟೆ. ಅವಳು ಅವಸರವಿಲ್ಲದೆ ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು, ಆರಿಸಿ ಆರಿಸಿ ಕುಡಿದಳು. ಮನೆಯ ಬಗ್ಗೆ, ಯಜಮಾನರ ಆರೋಗ್ಯದ ಬಗ್ಗೆ ಕೇಳಿದಳು. ವೀಡಿಯೋದ ಮಾತನ್ನೇ ತೆಗೆಯಲಿಲ್ಲ. ಬಸಿ ಖಾಲಿಯಾಯಿತು. ನಾನು ಮೊಬೈಲು ತೆಗೆದು, ಹುಡುಕಿ, ಅವಳ ಮುಂದೆ ಇಟ್ಟೆ.

ಅವಳು ನೋಡಿದಳು. ಪೂರ್ತಿ ನೋಡಿ, "ಕಾಲು ಯಾಕ ಬಂದಿಲ್ರಿ ಇದರಾಗ?" ಅಂದಳು.

"ಕಿಡಕಿಯಿಂದ ಅಷ್ಟೇ ಕಾಣ್ತಿತ್ತವ್ವ," ಅಂದೆ. "ನಾನೇ ತಗದದ್ದು. ಅರ್ಜಿ ಜೋಡಿ ಹೋಗಿದ್ದು ಇದೇ. ನಿಮ್ಮಪ್ಪಗ ಒಂದಿನಾನೂ ಹೇಳ್ಲಿಲ್ಲ."

ಅವಳು ಬಸಿಯನ್ನು ಕಪ್ಪಿನ ಕೆಳಗಿಟ್ಟಳು. ನನ್ನನ್ನು ಬೈಯಲಿ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು.

"ಅಪ್ಪ ಹೇಳಿದ್ರಿ," ಎಂದಳು. "ನಂದೊಂದು ಪಿಚ್ಚರ್ ಅದ, ಸೈನ್ಸ್ ಬಾಯಾರ ಕಡಿ. ಬೇಕಾದಾಗ ಹೋಗಿ ಇಸ್ಕೋ ಅಂದ್ರು. ಮೊದಲು ಇಲ್ಲ ಅಂತಾರ, ಎದ್ದು ಬರಬ್ಯಾಡ. ಒಂದು ಕಪ್ಪು ಚಹಾ ಕುಡಿಯೋತನ ಕುಂಡ್ರು, ಕೊಡ್ತಾರ ಅಂದ್ರು."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಒಂದು ಕಪ್ಪು ಚಹಾದಷ್ಟು ಹೊತ್ತು ಅಂತ ಅವರು ನನ್ನನ್ನು ಅಳೆದಿಟ್ಟಿದ್ದರು. ಐದು ವರ್ಷ ದಿನಾ ನನ್ನ ಬೆಚ್ಚಗಿನ ಸೀಟಿನಲ್ಲಿ ಕೂತು ಹೋದ ಮನುಷ್ಯ.

"ಇನ್ನೊಮ್ಮಿ ಹಚ್ರಿ," ಎಂದಳು ಮಗಳು. ಹಚ್ಚಿದೆ. ಹಲಗೆ ತಿರುಗಿತು, ಮಕ್ಕಳು ಕಿರುಚಿದರು, ಮಾಸ್ತರರು ಬಿದ್ದರು, ಟೋಪಿ ಹಾರಿತು. ಗೊತ್ತಿದ್ದೂ ಗೊತ್ತಿದ್ದೂ ನಾವಿಬ್ಬರೂ ಟೋಪಿಯ ಹಿಂದೆಯೇ ಕಣ್ಣು ಎತ್ತಿದೆವು. ಅದು ಕೆಳಗೆ ಬರುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.